ಅನಿವಾರ್ಯವಲ್ಲದ ಪ್ರಯಾಣ

ನಮ್ಮ ಮನೆಯಲ್ಲಿ ಕುದುರೆ ಲಾಳದ ಆಕಾರದ ಒಂದು ದಿಂಬಿದೆ. ವಿಮಾನದಲ್ಲಿ ಕೂತಲ್ಲೇ ನಿದ್ದೆ ಮಾಡುವವರು ಕುತ್ತಿಗೆಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಬದನೆಕಾಯಿ ಬಣ್ಣ. ನೆಹರೂ ರಸ್ತೆಯ ಬ್ಯಾಗಿನ ಅಂಗಡಿಯಲ್ಲಿ ಇದ್ದಬದ್ದ ದಿಂಬುಗಳನ್ನೆಲ್ಲ ಹಿಸುಕಿ ನೋಡಿ, ಅಂಗಡಿಯವನಿಂದ ಬೈಸಿಕೊಂಡು, ನನ್ನ ಕುತ್ತಿಗೆಗೆಂದೇ ನಾನು ಆರಿಸಿ ತಂದದ್ದು. ನನ್ನ ಕುತ್ತಿಗೆಯ ಹಣೆಬರಹದಲ್ಲಿ ಆ ಸುಖವಿರಲಿಲ್ಲ. ಈಗ ಅದು ಅಪ್ಪನ ಆಸ್ತಿ. ಸಂಜೆ ಅಂಗಡಿಯಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಅದನ್ನು ಕೊರಳಿಗೇರಿಸಿ ವಾರ್ತೆ ನೋಡಲು ಕೂರುತ್ತಾರೆ. ಪರದೆಯ ಮೇಲೆ ಕೆಂಪು ಪಟ್ಟಿಗಳು ಓಡುತ್ತಿರುತ್ತವೆ, ಯಾರೋ ಕಿರುಚುತ್ತಿರುತ್ತಾರೆ, ಜಗತ್ತು ಇನ್ನೇನು ಮುಗಿದೇಹೋಯಿತು ಅನ್ನುವ ಹೊತ್ತಿಗೆ ಸರಿಯಾಗಿ ಅಪ್ಪನ ಗೊರಕೆ ಶುರುವಾಗುತ್ತದೆ. ಆ ಗೊರಕೆಯನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಒಮ್ಮೆ ಅಪ್ಪನೇ ಎಚ್ಚರಾಗಿ, "ಯಾರದು?" ಅಂದಿದ್ದರು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನೀವು ಶಿವಮೊಗ್ಗದವರಾದರೆ ಮುಖ ಗೊತ್ತಿಲ್ಲದಿದ್ದರೂ ನನ್ನ ದನಿ ಗೊತ್ತಿರುತ್ತದೆ. ಬೆಳಿಗ್ಗೆ ನೀವು ಹಲ್ಲುಜ್ಜುತ್ತಿರುವಾಗ ಮೈಕು ಕಟ್ಟಿಕೊಂಡ ಆಟೊ ಒಂದು "ಸಾರ್ವಜನಿಕರಲ್ಲಿ ವಿನಂತಿ, ನಾಳೆ ಕುಡಿಯುವ ನೀರಿನ ಸರಬರಾಜಿನಲ್ಲಿ ವ್ಯತ್ಯಯವಾಗಲಿದೆ" ಎಂದು ಕೂಗಿಕೊಂಡು ಹೋಗುತ್ತದಲ್ಲ, ಆ ದನಿಯ ಹಿಂದಿರುವ ಪ್ರಾಣಿ ನಾನೇ. ಮದುವೆ ಮನೆಗಳಲ್ಲಿ, ಕಾಲೇಜು ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಅದು ಹೆಸರಿಗೆ. ಹೊಟ್ಟೆಗೆ ಈ ಆಟೊ. ಶಂಕರಘಟ್ಟದಲ್ಲಿ ಎಂ.ಎ. ಓದಿದ್ದೇನೆ, ಅಲ್ಲಿ ನಾನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದು ದಿನಾ ಹೋಗಿಬರುವ ಬಸ್ಸಿನ ಕಂಡಕ್ಟರುಗಳನ್ನು. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟರ ಪ್ರಶ್ನೆಗೆ ಗೊತ್ತಿಲ್ಲದೆಯೇ ಅವರದೇ ದನಿಯಲ್ಲಿ ಉತ್ತರ ಹೇಳಿಬಿಟ್ಟಿದ್ದೆ. ಅವರಿಗೆ ಅದು ಬಹಳ ವಿದ್ವತ್ಪೂರ್ಣವಾಗಿ ಕೇಳಿಸಿತಂತೆ, ಪಾಸು ಮಾಡಿದರು.

ಸರ್ಕಾರಿ ದನಿ ತೆಗೆಯುವುದಕ್ಕೆ ಒಂದು ಹದವಿದೆ. ಮೂಗು ಸ್ವಲ್ಪ ಕಟ್ಟಿಕೊಂಡಿರಬೇಕು. ಯಾರ ಮೇಲೂ ಸಿಟ್ಟಿರಬಾರದು, ಯಾರ ಮೇಲೂ ಪ್ರೀತಿಯೂ ಇರಬಾರದು. ನಮ್ಮೂರಲ್ಲಿ ಒಂದು ಸಲ ಗಲಾಟೆಯಾಗಿ ನಿಷೇಧಾಜ್ಞೆ ಬಂದಾಗ, ಮೈಕಿನ ಅಂಗಡಿಯ ಯಜಮಾನರು ಬೆಳಗಾಗುತ್ತಲೇ ನನ್ನನ್ನು ಕರೆಸಿಕೊಂಡರು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಖಾರ ಮಂಡಕ್ಕಿ ತಿನ್ನುತ್ತ, "ಯಾರೂ ಅನಾವಶ್ಯಕವಾಗಿ ಮನೆಯಿಂದ ಹೊರಗೆ ಬರಬಾರದಾಗಿ ಈ ಮೂಲಕ ಸೂಚಿಸಲಾಗಿದೆ" ಎಂದು ರೆಕಾರ್ಡ್ ಮಾಡಿಕೊಟ್ಟು ಬಂದೆ. ಮನೆಗೆ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಅಮ್ಮ ಕಿಟಕಿಯಿಂದ ಇಣುಕಿ, "ಯಾವನೋ ಹೊರಗೆ ಬರಬೇಡಿ ಅಂತ ಆಗ್ಲಿಂದ ಬಡ್ಕೋತಿದಾನೆ, ನೀನು ಎಲ್ಲಿಗೆ ಹೋಗಿ ಸತ್ತಿದ್ದೆ?" ಅಂದಳು. "ಆ ಯಾವನೋ ನಾನೇ ಕಣಮ್ಮ" ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಬಾಗಿಲು ತೆಗೆದು, ನನ್ನನ್ನು ಒಳಗೆಳೆದುಕೊಂಡು, ಮತ್ತೆ ಚಿಲಕ ಹಾಕಿದಳು. ಮಗನ ಗಂಟಲು ಗುರುತು ಸಿಗಲಿಲ್ಲವಲ್ಲ ಅಂತ ಆಮೇಲೆ ಎಷ್ಟೋ ದಿನ ಅದನ್ನೇ ಹೇಳುತ್ತಿದ್ದಳು.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ದಿಂಬಿನ ವಿಷಯಕ್ಕೆ ಬರಬೇಕಾದರೆ ಎಚ್ಚರಿಕೆಯ ವಿಷಯಕ್ಕೆ ಬರಬೇಕು. ಎಚ್ಚರಿಕೆಯ ವಿಷಯಕ್ಕೆ ಬರಬೇಕಾದರೆ ನಮ್ಮ ಗೌರತ್ತೆಯ ವಿಷಯಕ್ಕೆ ಬರಬೇಕು.

ಗೌರತ್ತೆ ಅಪ್ಪನ ಅಕ್ಕ. ಭದ್ರಾವತಿಯ ನ್ಯೂ ಟೌನಿನಲ್ಲಿ ಶಾಲೆಯ ಟೀಚರಾಗಿದ್ದು ನಿವೃತ್ತಿಯಾದವರು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ "ಟೈಮ್ ಟೇಬಲ್ಲಲ್ಲಿ ಜಾಗ ಇರ್ಲಿಲ್ಲ" ಅನ್ನುತ್ತಿದ್ದರು. ಅವರ ವಿಷಯ ಭೂಗೋಳ. ಬೇಸಿಗೆ ರಜೆಯಲ್ಲಿ ನನ್ನನ್ನು ಅವರ ಮನೆಗೆ ಸಾಗಹಾಕುತ್ತಿದ್ದರು. ಅಗಲ ರಸ್ತೆಗಳು, ದೊಡ್ಡ ಮರಗಳು, ಒಂದೇ ಅಚ್ಚಿನಲ್ಲಿ ಎರೆದ ಹಾಗೆ ಕಾರ್ಖಾನೆಯವರ ಕ್ವಾರ್ಟರ್ಸು. ಯಾವ ಮನೆಯಿಂದ ಯಾವ ಭಾಷೆ ಬರುತ್ತದೆ ಹೇಳುವಂತಿರಲಿಲ್ಲ. ನನ್ನ ಅರ್ಧ ವಿದ್ಯೆ ಅಲ್ಲಿಯದೇ. ಪಕ್ಕದ ಮನೆಯ ಸೆಲ್ವಿ ಅಕ್ಕ ತಮಿಳಿನಲ್ಲಿ ಬೈಯುವುದನ್ನು, ಹಿಂದಿನ ಮನೆಯವರು ತೆಲುಗಿನಲ್ಲಿ ಮುದ್ದು ಮಾಡುವುದನ್ನು ಕಲಿತು, ಎರಡನ್ನೂ ಅದಲುಬದಲು ಮಾಡಿ ಅತ್ತೆಯ ಮುಂದೆ ಪ್ರದರ್ಶನ ಕೊಡುತ್ತಿದ್ದೆ.

ಆದರೆ ನನ್ನ ಮೊದಲ ದೊಡ್ಡ ಯಶಸ್ಸು ಮನುಷ್ಯರದ್ದಲ್ಲ, ಕಾರ್ಖಾನೆಯ ಸೈರನ್ನಿನದು. ಕಂಚಿನ ಚೊಂಬನ್ನು ಬಾಯಿಗೆ ಕವುಚಿಕೊಂಡು ಹೊಟ್ಟೆಯಿಂದ ಎಳೆದರೆ ಥೇಟ್ ಅದೇ. ಒಂದು ಮಧ್ಯಾಹ್ನ ಸೆಲ್ವಿ ಅಕ್ಕನ ಗಂಡ ಮಲಗಿದ್ದವರು ಧಡಕ್ಕನೆ ಎದ್ದು, ಅಂಗಿ ತಿರುಗುಮುರುಗಾ ಹಾಕಿಕೊಂಡು, ಸೈಕಲ್ ಏರಿ ರಸ್ತೆ ತಿರುವಿನತನಕ ಹೋಗಿಬಿಟ್ಟರು. ಬೀದಿಗೆ ಬೀದಿಯೇ ನಕ್ಕಿತು. ಮಾರನೆಯ ದಿನ ನಿಜವಾದ ಸೈರನ್ ಆದಾಗ, "ಟೀಚರಮ್ಮನ ಮನೆ ಕೋತಿ" ಎಂದು ಅವರು ಮಗ್ಗುಲು ಬದಲಿಸಿ ಮಲಗಿದರಂತೆ. ಪಾಳಿ ತಪ್ಪಿತು. ಗೌರತ್ತೆ ನನ್ನನ್ನು ಹೊಡೆಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಪ್ರಪಂಚದ ನಕ್ಷೆಯ ಮುಂದೆ ನಿಲ್ಲಿಸಿ, ನೈಲ್ ನದಿಯನ್ನು ಬುಡದಿಂದ ಸಮುದ್ರದತನಕ ಬೆರಳಲ್ಲಿ ತೋರಿಸು ಅಂದರು. ಅದು ಅವರ ಶಿಕ್ಷೆ. ಬೇರೆ ಮಕ್ಕಳಿಗೂ ಅದೇ. ಭದ್ರಾವತಿಯಲ್ಲಿ ಕಿಡಿಗೇಡಿಗಳಿಗೆಲ್ಲ ಆ ನದಿ ಬಾಯಿಪಾಠ.

ಹೋದ ವರ್ಷ ಗೌರತ್ತೆಯ ಕಣ್ಣಿನ ಸಮಾಚಾರ ಗೊತ್ತಾಯಿತು. ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು. ಪಕ್ಕದಲ್ಲಿ ನಿಂತವರನ್ನು ನೋಡಬೇಕಾದರೆ ಕೋಳಿಯ ಹಾಗೆ ಇಡೀ ತಲೆ ತಿರುಗಿಸುತ್ತಿದ್ದರು. ನಾನು ಅದನ್ನೂ ಅನುಕರಿಸಿ ತೋರಿಸಿದ್ದೆ, ಅವರೂ ನಕ್ಕಿದ್ದರು. ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನರ ಒಣಗುತ್ತಿದೆ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು. ಔಷಧಿ ಹಾಕಿದರೆ ನಿಧಾನವಾಗುತ್ತದೆ, ಎಷ್ಟು ನಿಧಾನ ಎಂದು ಹೇಳಲಾಗದು. "ಈಗ ಹೇಗೆ ಕಾಣುತ್ತೆ ಅತ್ತೆ?" ಎಂದು ಆಟೊದಲ್ಲಿ ಕೇಳಿದೆ. "ಬಳೆಯೊಳಗಿಂದ ನೋಡಿದ ಹಾಗೆ ಕಣೋ" ಅಂದರು. ಸ್ವಲ್ಪ ದೂರ ಹೋದ ಮೇಲೆ, "ಈ ಬಳೆ ಮಗುವಿನ ಬಳೆಯಷ್ಟು ಚಿಕ್ಕದಾಗೋ ಮುಂಚೆ ನೈಲ್ ನೋಡಿಬಿಡಬೇಕು" ಅಂದರು.

ನಾನು ತಮಾಷೆ ಎಂದುಕೊಂಡೆ. ತಮಾಷೆ ನನ್ನ ಕಸುಬು, ಅವರದ್ದಲ್ಲ. ವಾರದೊಳಗೆ ಪ್ರವಾಸದ ಏಜೆಂಟರನ್ನು ಹಿಡಿದರು. ಈಜಿಪ್ಟಿಗೆ ಹೋಗುವ ಒಂದು ತಂಡವಿತ್ತು. ಏಜೆಂಟರದು ಜೇನಿನಲ್ಲಿ ಅದ್ದಿದ ದನಿ, "ಮೇಡಂ, ನಮ್ಮ ಮನೆಯೋರ ಥರ ನೋಡ್ಕೊಳ್ತೀವಿ". ಆದರೆ ಕಣ್ಣಿನ ವಿಷಯ ಕೇಳಿದ ಮೇಲೆ, ಜೊತೆಗೆ ಮನೆಯವರೇ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಕರೆದುಕೊಂಡು ಹೋಗುವುದಿಲ್ಲ ಅಂದರು. ನ್ಯಾಯವೇ. ಆ ಒಬ್ಬರು ನಾನೆಂದು ತೀರ್ಮಾನವಾಯಿತು. ನನಗೆ ಪಾಸ್‌ಪೋರ್ಟ್ ಇತ್ತು. ದುಬೈನ ಕನ್ನಡ ಸಂಘ ನನ್ನನ್ನು ಕರೆಯುತ್ತದೆ ಎಂಬ ನಂಬಿಕೆಯಲ್ಲಿ ಮಾಡಿಸಿಟ್ಟುಕೊಂಡದ್ದು. ಸಂಘ ಇನ್ನೂ ಕರೆದಿಲ್ಲ. ದಿಂಬು ತಂದೆ.

ದಿಂಬು ತಂದ ಮೇಲೆ ಎಚ್ಚರಿಕೆ ಬಂತು. ಆ ಕಡೆ ಎಲ್ಲೋ ಬಾಂಬು ಸಿಡಿದಿತ್ತು. ಪ್ರವಾಸಿಗರು ಹೋಗುವ ಜಾಗಕ್ಕೆ ದೂರವೇ, ಆದರೆ ಅದೇ ದೇಶ. ಸರ್ಕಾರ ತನ್ನ ನಾಗರಿಕರಿಗೆ ಸೂಚನೆ ಹೊರಡಿಸಿತು. ಗೌರತ್ತೆ ಭದ್ರಾವತಿಯಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ ಬಂದರು. ಇದು ಸಣ್ಣ ಸಂಗತಿಯಲ್ಲ. ಅಪ್ಪನದು ಗಾಂಧಿ ಬಜಾರಿನಲ್ಲಿ ಬೀಗದ ಅಂಗಡಿ. ಪಕ್ಕದ ಮನೆಗೆ ಕಳ್ಳ ನುಗ್ಗಿದ ಮೇಲೇ ಜನ ಬೀಗಕ್ಕೆ ಬರುವುದು ಎಂದು ದಿನವೂ ಕೊರಗುವ ಮನುಷ್ಯ. ಅಂಗಡಿಯ ಷಟರು ಎಳೆದು, ಬೀಗ ಹಾಕಿ, ಜಗ್ಗಿ, ನಾಲ್ಕು ಹೆಜ್ಜೆ ಬಂದು, ವಾಪಸು ಹೋಗಿ ಇನ್ನೊಮ್ಮೆ ಜಗ್ಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಹೋಗೋದು ಬೇಡ ಅಕ್ಕ" ಅಂದರು ಅಪ್ಪ, ಕೂರುವ ಮೊದಲೇ.

"ಕೂತ್ಕೊಂಡು ಹೇಳು."

ಅಪ್ಪ ಕೂತು ಅದನ್ನೇ ಹೇಳಿದರು.

ಬೇರೆ ದೇಶಗಳ ಸರ್ಕಾರಗಳು ಇಂಥ ಸೂಚನೆಗಳ ಜೊತೆ ಬಣ್ಣ ಹಚ್ಚಿದ ನಕ್ಷೆ ಹಾಕುತ್ತವೆ. ನಾನು ಅಂಥದ್ದೊಂದನ್ನು ಫೋನಿನಲ್ಲಿ ಹುಡುಕಿ ಅತ್ತೆಗೆ ಕೊಟ್ಟೆ. ನಕ್ಷೆ ಎಂದರೆ ಅತ್ತೆ ಹದಿನಾರರ ಹುಡುಗಿ. ಫೋನನ್ನು ಮೂಗಿನ ನೇರಕ್ಕೆ ಹಿಡಿದು, ಬೆರಳಿನಿಂದ ಹಿಗ್ಗಿಸಿ, ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ಆಡಿಸುತ್ತ ನೋಡಿದರು.

"ಇಲ್ಲಿ ನೋಡು ಕಮಲ, ಕೆಂಪೆಲ್ಲ ಮರುಭೂಮೀಲಿದೆ. ನದಿ ದಂಡೆ ಉದ್ದಕ್ಕೂ ಬರೀ ಹಳದಿ."

ಕಮಲ ಅಂದರೆ ನಮ್ಮಮ್ಮ. ಅವಳು ಬಗ್ಗಿ ನೋಡಿ, "ಹೌದಲ್ಲ, ಹಳದಿ" ಅಂದಳು, ಸೀರೆ ಆರಿಸುವವಳ ಹಾಗೆ.

"ಹಳದಿ ಅಂದ್ರೆ ಅರಿಶಿನ ಕುಂಕುಮಕ್ಕೆ ಕರೀತಿದಾರೆ ಅಂತಲ್ಲ" ಅಂದರು ಅಪ್ಪ.

ಆಗ ನನ್ನ ಕೈ ಸುಮ್ಮನಿರದೆ, ಅದೇ ಪರದೇಶದವರು ನಮ್ಮ ದೇಶದ ಬಗ್ಗೆ ಏನು ಬರೆದಿದ್ದಾರೆ ಎಂದು ತೆಗೆದು ನೋಡಿದೆ. ನಮಗೂ ಬಣ್ಣ ಹಚ್ಚಿದ್ದರು. ಜನ ಸೇರುವ ಕಡೆ ಜಾಗ್ರತೆ. ಮಾರುಕಟ್ಟೆ, ರೈಲು ನಿಲ್ದಾಣ, ದೇವಸ್ಥಾನ, ಹಬ್ಬದ ಗುಂಪು. ಅಮ್ಮನಿಗೆ ಓದಿ ಹೇಳಿದೆ.

"ಮದ್ವೆಗೂ ಹೋಗಬಾರ್ದಂತಾ?"

"ಮದ್ವೆ ಹೆಸರು ಹಾಕಿಲ್ಲ."

"ಸಂತೆಗೆ ಹೋಗಬಾರ್ದು, ದೇವಸ್ಥಾನಕ್ಕೆ ಹೋಗಬಾರ್ದು. ಮತ್ತೆ ಮನುಷ್ಯರು ಬದುಕೋದೆಲ್ಲಂತೆ?"

ಅತ್ತೆಗೆ ಇದು ಸಿಕ್ಕಿದ್ದೇ ಸಾಕಾಯಿತು. "ಅದನ್ನೇ ನಾನು ಹೇಳೋದು. ಆವತ್ತು ನಿಮ್ಮೂರಲ್ಲಿ ಗಲಾಟೆ ಆದಾಗ ಹುಬ್ಬಳ್ಳಿಯಿಂದ ನಿನ್ನ ತಂಗಿ ಫೋನ್ ಮಾಡಿ ಅತ್ಲಲ್ಲ, ಆಗ ನೀನೇನು ಮಾಡ್ತಿದ್ದೆ ಕಮಲ?"

"ಮಾಳಿಗೆ ಮೇಲೆ ಹಪ್ಪಳ ಒಣಹಾಕ್ತಿದ್ದೆ ಅತ್ತಿಗೆ."

"ನೋಡು! ಟೀವಿಯೋರಿಗೆ ಇಡೀ ಶಿವಮೊಗ್ಗ ಉರೀತಿತ್ತು. ನಿನಗೆ ಯಾವ ಬೀದೀಲಿ ಅಂತ ಗೊತ್ತಿತ್ತು."

ಇದು ನಿಜ. ನಮ್ಮೂರಿನವರು ಸೂಚನೆಯನ್ನು ಓದುವ ರೀತಿಯೇ ಅದು. ಹೊರಗಿನವರು ಊರಿನ ಹೆಸರು ಕೇಳುತ್ತಾರೆ, ನಾವು ಬೀದಿಯ ಹೆಸರು ಕೇಳುತ್ತೇವೆ. ಯಾವ ಸರ್ಕಲ್ಲಿನಿಂದ ಯಾವ ಸರ್ಕಲ್ಲಿನವರೆಗೆ, ಹಾಲಿನ ಬೂತು ಅದರೊಳಗೆ ಬರುತ್ತದೋ ಇಲ್ಲವೋ, ರಾಗಿಗುಡ್ಡದ ಕಡೆ ಬಸ್ಸು ಬಿಟ್ಟಿದ್ದಾರೋ ಇಲ್ಲವೋ. ಅಷ್ಟು ತಿಳಿದುಕೊಂಡು, ಚೀಲ ಹಿಡಿದು, ಒಂದು ಬೀದಿ ಸುತ್ತು ಹಾಕಿ ಹೋಗಿ ಕೊತ್ತಂಬರಿ ತರುತ್ತೇವೆ. ಭಯವಿಲ್ಲ ಅಂತಲ್ಲ. ಭಯಕ್ಕೊಂದು ವಿಳಾಸ ಇರುತ್ತದೆ ಅಷ್ಟೆ.

ಅಪ್ಪನಿಗೆ ಮಾತು ಕಡಿಮೆ. ಅವರನ್ನು ಅನುಕರಿಸಬೇಕಾದರೆ ನಾನು ಗೊರಕೆಗೇ ಹೋಗಬೇಕು. ಕೊನೆಗೆ ಅಂದರು: "ನನ್ನ ಅಂಗಡಿ ಎದುರು ಹೂವು ಮಾರ್ತಾನಲ್ಲ, ಅವನ ಬೀದೀಲೂ ಆವತ್ತು ಏನೂ ಇರ್ಲಿಲ್ಲ. ಬಸ್ಸು ಸಿಗ್ಲಿಲ್ಲ ಅಂತ ಇನ್ನೊಂದು ಬೀದೀಲಿ ನಡ್ಕೊಂಡು ಬಂದ. ತಲೆಗೆ ಕಲ್ಲು ಬಿತ್ತು. ದಿನಾ ಎದುರಿಗೇ ಕೂತಿರ್ತಾನೆ. ನನ್ನ ಹೆಸರು ಈಗ್ಲೂ ಅವನಿಗೆ ನೆನಪಾಗಲ್ಲ. ಬೀಗದಣ್ಣ, ಬೀಗದಣ್ಣ ಅಂತಾನೆ."

ಅಪ್ಪ ಅತ್ತೆಯ ಕಡೆ ತಿರುಗಿದರು.

"ನಮ್ಮ ಬೀದೀಲಿ ಏನಿಲ್ಲ ಅಂತ ಹೇಳೋಕೆ ಬೀದಿ ನಮ್ಮದಾಗಿರಬೇಕು ಅಕ್ಕ. ಅಲ್ಲಿ ನಿನಗೆ ಯಾವ ಬೀದಿ ಗೊತ್ತು? ಯಾವ ತಿರುವಲ್ಲಿ ವಾಪಸ್ ಬರಬೇಕು ಅಂತ ಯಾರನ್ನ ಕೇಳ್ತೀಯ?"

ಅತ್ತೆ ಫೋನನ್ನು ನನ್ನ ಕಡೆ ಚಾಚಿದರು. "ಸೋಮು, ನಮ್ಮ ಸರ್ಕಾರದ್ದು ಏನಿದೆ ಅದನ್ನ ಓದು."

ಮನೆಯಲ್ಲಿ ಮೋಡ ಕಟ್ಟಿದಾಗ ನನ್ನೊಳಗಿನ ಕೋತಿ ತಡೆಯುವುದಿಲ್ಲ. ಇಂಗ್ಲಿಷಿನಲ್ಲಿದ್ದದ್ದನ್ನು ಅಲ್ಲೇ ಕನ್ನಡ ಮಾಡುತ್ತ ಮೊದಲು ರೈಲ್ವೆ ನಿಲ್ದಾಣದ ಹೆಂಗಸಿನ ದನಿಯಲ್ಲಿ ಓದಿದೆ: "ಪ್ರಯಾಣಿಕರು ದಯವಿಟ್ಟು ಗಮನಿಸಿ, ಭಯೋತ್ಪಾದಕ ದಾಳಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲನ್ನು ಟೀವಿಯವನ ಹಾಗೆ ಮೇಜು ಗುದ್ದಿ ಓದಿದೆ. ಅದರ ಮುಂದಿನದನ್ನು ಶಂಕರಘಟ್ಟದ ಕಂಡಕ್ಟರನ ಹಾಗೆ, "ಅನಿವಾರ್ಯ ಇದ್ದೋರು ಮಾತ್ರ ಹತ್ರೀ, ಬ್ಯಾರೇಯೋರು ಹಿಂದಿನ್ ಬಸ್ಸಿಗೆ ಬರ್ರೀ." ಅಪ್ಪನ ಮೀಸೆ ಕೂಡ ಅಲುಗಾಡಿತು.

ಗೌರತ್ತೆ ನಗಲಿಲ್ಲ. "ಚೆನ್ನಾಗಿತ್ತು. ಈಗ ನಿನ್ನ ದನೀಲಿ ಓದೋ ಮಾರಾಯ."

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೆ ಆ ದನಿ ತಕ್ಷಣ ಸಿಗಲಿಲ್ಲ. ಕೆಮ್ಮಿದೆ. ನೀರು ಕುಡಿದೆ. ಸಿಕ್ಕಿದಾಗ ಅದು ಸಣ್ಣದಾಗಿ, ಪೇಲವವಾಗಿತ್ತು. "ಭಯೋತ್ಪಾದಕ ದಾಳಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ವಿದೇಶಿಯರು ಹೆಚ್ಚಾಗಿ ಹೋಗುವ ಸ್ಥಳಗಳೂ ಗುರಿಯಾಗಬಹುದು. ಅನಿವಾರ್ಯವಲ್ಲದ ಪ್ರಯಾಣವನ್ನು ಮುಂದೂಡುವುದು ಒಳಿತು." ಅದೇ ಮಾತು. ಆದರೆ ಈಗ ಅದು ಯಾರದೋ ಮೂಗಿನಿಂದ ಬರುತ್ತಿರಲಿಲ್ಲ. ಆ ಸಾಲುಗಳನ್ನು ಬರೆದವನೂ ಯಾವುದೋ ಕೋಣೆಯಲ್ಲಿ ಕೂತು ಬರೆದಿರುತ್ತಾನೆ, ಪಕ್ಕದಲ್ಲಿ ಮಂಡಕ್ಕಿ ಇಟ್ಟುಕೊಂಡಿರಲೂಬಹುದು; ಹಾಗಂತ ಅವನು ಹೇಳಿದ ಅಪಾಯ ಸುಳ್ಳಾಗುವುದಿಲ್ಲ. ಆ ಗಲಾಟೆಯ ದಿನ ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲವಲ್ಲ.

"ಮುಂದೂಡಿ ಅಂದ್ರೆ ಎಷ್ಟು ದಿನ?" ಅತ್ತೆ ಕೇಳಿದರು.

"ಬರೆದಿಲ್ಲ ಅತ್ತೆ."

"ಡಾಕ್ಟರೂ ಬರೆದುಕೊಟ್ಟಿಲ್ಲ." ಆಮೇಲೆ ತಮಗೇ ಹೇಳಿಕೊಳ್ಳುವವರ ಹಾಗೆ, "ಅನಿವಾರ್ಯವಲ್ಲದ್ದು. ನನ್ನದು ಅನಿವಾರ್ಯನೋ ಅಲ್ವೋ, ಅದನ್ನ ಎಲ್ಲಿ ಹೋಗಿ ಕೇಳೋದು?" ಅಂದರು.

ಸರ್ಕಾರಕ್ಕೆ ಅತ್ತೆಯ ಕಣ್ಣಿನ ವಿಷಯ ಗೊತ್ತಿರಲು ಸಾಧ್ಯವಿಲ್ಲ. ಅದು ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಬೇಕು, ನನ್ನ ಆಟೊದ ಹಾಗೆ. ಆಟೊ ಹೋಗುವ ಬೀದಿಯಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂದಿರಬಹುದು, ಒಬ್ಬನ ಔಷಧಿ ಮುಗಿದಿರಬಹುದು. ಅವರಿಗೆ ಬೇರೆಯಾಗಿ ಏನು ಹೇಳಬೇಕೆಂದು ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅನಾವಶ್ಯಕವಾಗಿ ಎಂಬ ಒಂದು ಪದವಿತ್ತು. ಅದರೊಳಗೆ ಅವರೇ ತೂರಿಕೊಳ್ಳಬೇಕಿತ್ತು.

ಅತ್ತೆ ತಲೆ ತಿರುಗಿಸಿ ನನ್ನನ್ನು ಬಳೆಯೊಳಕ್ಕೆ ತಂದುಕೊಂಡರು. "ತಮಾಷೆ ಬಿಟ್ಟು ಹೇಳು. ನಿಂಗೆ ಭಯ ಇದ್ಯಾ?"

"ಇದೆ ಅತ್ತೆ."

"ಸರಿ ಬಿಡು." ಅವರು ಎದ್ದರು. "ರುದ್ರ, ಇದು ನನ್ನೊಬ್ಬಳ ತಲೆ ಆಗಿದ್ರೆ ನಿನ್ನ ಮಾತು ಕೇಳ್ತಿರ್ಲಿಲ್ಲ. ನನ್ನ ಕಣ್ಣಿಗೋಸ್ಕರ ನಿನ್ನ ಮಗನ್ನ ಕರ್ಕೊಂಡು ಹೋಗಲ್ಲ. ಏಜೆಂಟ್‌ಗೆ ಹೇಳ್ಬಿಡ್ತೀನಿ."

ಊಟಕ್ಕೂ ನಿಲ್ಲಲಿಲ್ಲ. ನಾನು ಬಸ್ ನಿಲ್ದಾಣದತನಕ ಹೋಗಿ ಭದ್ರಾವತಿ ಬಸ್ಸು ಹತ್ತಿಸಿದೆ. ಮೆಟ್ಟಿಲ ಬಳಿ ಕೈ ಕೊಡಲು ಹೋದರೆ, "ನಡುವೆ ಇರೋದು ಕಾಣುತ್ತೆ ಕಣೋ, ಮೆಟ್ಟಿಲು ನಡುವೇನೇ ಇದೆ" ಅಂದರು. ಬಸ್ಸು ಹೊರಟ ಮೇಲೆ ನನ್ನ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ಮತ್ತೆ ಭಾರವಾಯಿತು.

ಮುಂದಿನ ಭಾನುವಾರ ಅಪ್ಪ, "ನಡಿ, ಅಕ್ಕನ ಮನೇಗೆ ಹೋಗಿಬರೋಣ" ಅಂದರು. ನ್ಯೂ ಟೌನಿನಲ್ಲಿ ಬೈಕು ನಿಲ್ಲಿಸುತ್ತಿದ್ದಂತೆ ಸೆಲ್ವಿ ಅಕ್ಕ ಕಾಂಪೌಂಡಿನ ಮೇಲಿಂದ ಕುತ್ತಿಗೆ ಚಾಚಿ ವರದಿ ಒಪ್ಪಿಸಿದರು. "ಟೀಚರಮ್ಮ ಪೆಟ್ಟಿಗೆ ಬಿಚ್ಚೇ ಇಲ್ಲ ತಮ್ಮಾ. ಹಂಗೇ ಕಟ್ಟಿ ಇಟ್ಟಿದಾರೆ. ಕೇಳಿದ್ರೆ, ಇರ್ಲಿ ಬಿಡೇ ಅಂತಾರೆ."

ಬಾಗಿಲು ತೆರೆದೇ ಇತ್ತು. ಅತ್ತೆಗೆ ನಾವು ಬಂದದ್ದು ಕಾಣಲಿಲ್ಲ, ನಾವು ಅವರ ಪಕ್ಕಕ್ಕಿದ್ದೆವು. ಅವರು ಗೋಡೆಯ ನಕ್ಷೆಗೆ ಗೇಣು ದೂರದಲ್ಲಿ ನಿಂತಿದ್ದರು. ಮುಖವನ್ನು ಕೆಳಗಿನಿಂದ ಮೇಲಕ್ಕೆ, ಒಂದು ನೀಲಿ ಗೆರೆಯ ಗುಂಟ, ಇಷ್ಟಿಷ್ಟೇ ಸರಿಸುತ್ತಿದ್ದರು. ಒಂದು ಕಡೆ ಗೆರೆ ತಪ್ಪಿಹೋಯಿತೆಂದು ಕಾಣುತ್ತದೆ. ಬೆರಳಿಟ್ಟು ಹುಡುಕಿ, ಮತ್ತೆ ಹಿಡಿದುಕೊಂಡು, ಮುಂದುವರಿಸಿದರು. ಅಪ್ಪ ಬಿಚ್ಚಿದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ನೋಡುತ್ತ ನಿಂತಿದ್ದರು. ಗೆರೆ ಸಮುದ್ರ ಸೇರುವತನಕ ಕರೆಯಲಿಲ್ಲ.

ಅತ್ತೆ ಚಹಾ ಮಾಡಿ ತಂದರು. ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಟ್ಟು ಬಗ್ಗಿಸಿದರು. ಅಪ್ಪ ಚಹಾ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, "ಪಾಸ್‌ಪೋರ್ಟ್ ಬೇಗ ಮಾಡಿಸೋದಕ್ಕೆ ಏನೋ ಇದೆಯಲ್ಲ, ಏನೋ ಅದು?" ಎಂದು ನನ್ನನ್ನು ಕೇಳಿದರು.

"ತತ್ಕಾಲ್. ಯಾರಿಗಪ್ಪಾ?"

"ನಂಗೆ."

ಅತ್ತೆ ತಲೆ ತಿರುಗಿಸಿ ತಮ್ಮನನ್ನು ಹುಡುಕಿದರು. "ನೀನಾ? ಹೊಳೆ ಸೇತುವೆ ಮೇಲೆ ರೈಲು ಹೋದ್ರೆ ಕಣ್ಣು ಮುಚ್ಚಿ ಶಿವ ಶಿವ ಅನ್ನೋನು?"

"ಈಗ್ಲೂ ಅಂತೀನಿ."

"ಸರ್ಕಾರ ಬೇಡ ಅಂದಿದೆಯಲ್ಲೋ."

"ಸರ್ಕಾರ ಹೇಳಿದ್ದು ಸುಳ್ಳಲ್ಲ ಅಕ್ಕ. ಅಪಾಯ ಇದೆ. ಇಲ್ಲ ಅಂತ ನಾನು ಹೇಳ್ತಾ ಇಲ್ಲ." ಅಪ್ಪ ನೆಲ ನೋಡುತ್ತ ಅಂದರು. "ಆದ್ರೆ ಅನಿವಾರ್ಯ ಅಲ್ಲದ್ದು ಅಂದಿದಾರೆ. ನಿಂದು ಹೌದೋ ಅಲ್ವೋ ಅಂತ ಎಲ್ಲಿ ಕೇಳೋದು ಅಂದ್ಯಲ್ಲ. ನನ್ನ ಕೇಳು. ಹೌದು ಅಂತೀನಿ. ಹುಡುಗನ್ನ ಕಳಿಸಲ್ಲ. ನಾನು ಬರ್ತೀನಿ."

ನನಗೆ ಅಲ್ಲಿ ಯಾರ ದನಿಯನ್ನೂ ತೆಗೆಯಬೇಕೆನ್ನಿಸಲಿಲ್ಲ.

ಆಮೇಲಿನದು ಗಡಿಬಿಡಿ. ಏಜೆಂಟರು ಮುಂದಿನ ತಂಡಕ್ಕೆ ಸೇರಿಸಿಕೊಂಡರು. ಫೋಟೋ ತೆಗೆಯುವವನು "ನಗಬಾರದು ಸಾರ್" ಅಂದನಂತೆ. ಅಪ್ಪನಿಗೆ ಆ ಸೂಚನೆಯ ಅಗತ್ಯ ಎಂದೂ ಬಿದ್ದಿಲ್ಲ. ಅಮ್ಮ ಎರಡು ಸೈನ್ಯಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ಅಪ್ಪ ಒಂದೊಂದು ಪೆಟ್ಟಿಗೆಗೂ ಅಂಗಡಿಯಲ್ಲಿದ್ದ ಅತಿ ದಪ್ಪದ ಬೀಗ ಜಡಿದು, ವಿಮಾನದವರು ಒಪ್ಪುವುದಿಲ್ಲವೆಂದು ನಾನು ಹೇಳಿದ ಮೇಲೆ ಬಹಳ ನೊಂದುಕೊಂಡು ಚಿಕ್ಕದಕ್ಕೆ ಬದಲಾಯಿಸಿದರು. ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, ಅಂಗಡಿಯ ಬೀಗದ ಕೈ ಕೊಟ್ಟು, ಜಗ್ಗಿ ನೋಡಲು ಮರೆಯಬೇಡ ಅಂದರು.

ಅವರು ಹೋದ ಮೇಲೆ ಭಯ ಎಂದರೇನೆಂದು ನನಗೆ ತಿಳಿಯಿತು. ಹೋಗುವವರಿಗೆ ಪೆಟ್ಟಿಗೆ ಇರುತ್ತದೆ, ರೊಟ್ಟಿ ಇರುತ್ತದೆ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂಬ ಚಿಂತೆ ಇರುತ್ತದೆ. ಮನೆಯಲ್ಲಿ ಉಳಿದವರಿಗೆ ಇರುವುದು ಆ ದೇಶದ ಹೆಸರು ಮಾತ್ರ. ಬೀದಿ ಗೊತ್ತಿಲ್ಲದ ಭಯ. ಅಂಗಡಿಯಲ್ಲಿ ಗಿರಾಕಿಗೆ ಬೀಗ ತೋರಿಸುತ್ತ ಫೋನು ನೋಡುತ್ತಿದ್ದೆ. ನದಿ ದಂಡೆಯ ಹಳದಿ ಎಷ್ಟು ಹಳದಿ, ನಿನ್ನೆಗಿಂತ ಕಿತ್ತಳೆಯಾಗಿದೆಯೋ ಎಂದು ಫೋನಿನ ಬೆಳಕು ಹೆಚ್ಚಿಸಿ ನೋಡುತ್ತಿದ್ದೆ. ಅಮ್ಮ ನೇರವಾಗಿ ಕೇಳುತ್ತಿರಲಿಲ್ಲ. "ಏನಾದ್ರೂ ಬಂತಾ?" ಅನ್ನುತ್ತಿದ್ದಳು, ಕೊರಿಯರ್ ಬರಬೇಕಿದ್ದವಳ ಹಾಗೆ. ನಾನು "ಏನಿಲ್ಲ" ಅನ್ನುತ್ತಿದ್ದೆ. ಏನಿಲ್ಲ ಅನ್ನುವ ಮಾತನ್ನು ಎಷ್ಟು ಸಲ ಹೇಳಿದರೂ ಅದು ನಾಳೆಗೆ ಸಾಲುವುದಿಲ್ಲ. ಬಾಂಬು ಸಿಡಿದರೆ ಸೂಚನೆ ನಿಜವಾಗಿತ್ತು ಅನ್ನಬಹುದು. ಸಿಡಿಯದಿದ್ದರೆ ಸುಳ್ಳಾಗಿತ್ತು ಅನ್ನುವಂತಿಲ್ಲ. ಹೋದವರು ಧೈರ್ಯವಂತರೂ ಅಲ್ಲ, ಹೋಗದವರು ಹೇಡಿಗಳೂ ಅಲ್ಲ. ಇಷ್ಟು ತತ್ತ್ವಜ್ಞಾನ ಬೀಗದ ಅಂಗಡಿಯಲ್ಲಿ ಕೂತು ಬಂತು, ಎಂ.ಎ. ಮಾಡುವಾಗ ಬಂದಿದ್ದರೆ ಉಪಯೋಗವಾಗುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದಾಗ ಅಪ್ಪನ ಫೋನು ಬಂತು. ಹಿಂದೆ ಏನೋ ಗುಡುಗುಡು ಸದ್ದು.

"ಹಲೋ. ಕೇಳ್ತಿದ್ಯಾ? ದೋಣೀಲಿದೀವಿ. ನದಿ ಮೇಲೆ. ಇಬ್ರೂ ಚೆನ್ನಾಗಿದೀವಿ. ಅಂಗಡಿ ಬೀಗ ಜಗ್ಗಿದ್ಯಾ? ಸರಿ, ಇಡ್ತೀನಿ."

ಇಟ್ಟರು. ಆದರೆ ಕಟ್ ಮಾಡಲಿಲ್ಲ. ಜೇಬಿಗೆ ಹಾಕಿಕೊಂಡರೆ ತಾನೇ ಕಟ್ಟಾಗುತ್ತದೆ ಎಂದು ಅವರ ನಂಬಿಕೆ. ನನ್ನ ಫೋನಿನ ಸ್ಪೀಕರ್ ಹಾಕಿಯೇ ಇತ್ತು. ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಹತ್ತಿರ ಬಂದಳು. ಬಟ್ಟೆ ಉಜ್ಜುವ ಸದ್ದು, ಮೋಟಾರಿನ ಸದ್ದು. ಆಮೇಲೆ ಅಪ್ಪನ ದನಿ.

"ಅಕ್ಕ, ಎಡಗಡೆ ಖರ್ಜೂರದ ಮರ. ಸಾಲಾಗಿ."

"ಹ್ಞೂಂ."

"ಅಡಿಕೆ ಮರದ ತರಾನೇ. ಆದ್ರೆ ಗಿಡ್ಡ."

"ಗಿಡ್ಡ ಅಲ್ಲ ಕಣೋ, ದೂರ ಇದೆ."

"ಹೌದು, ದೂರ. ಅದರ ಹಿಂದೆ ಗುಡ್ಡ. ಒಂದು ಹುಲ್ಲಿನೆಸಳಿಲ್ಲ, ಬೋಳು. ಬಲಗಡೆ ಎಮ್ಮೆ ನೀರಿಗಿಳಿಸಿದಾರೆ. ಒಬ್ಬ ಹೆಂಗಸು ಪಾತ್ರೆ ತೊಳೀತಿದಾಳೆ, ಕೆಂಪು ಸೆರಗು... ಸೆರಗಲ್ಲ, ತಲೆಗೆ ಏನೋ ಕಟ್ಕೊಂಡಿದಾಳೆ."

"ನಮ್ಮ ಕಾವಲಿಗೆ ಹಾಕಿದಾರಲ್ಲ, ಆ ಪೊಲೀಸಿನೋನು ಎಲ್ಲಿದಾನೆ?"

"ಹಿಂದೆ ಕೂತಿದಾನೆ. ಬಂದೂಕ ತೊಡೆ ಮೇಲಿದೆ. ಸಣ್ಣ ವಯಸ್ಸು ಅಕ್ಕ, ನಮ್ಮ ಸೋಮು ಅಷ್ಟು. ಅವನೂ ನೀರೇ ನೋಡ್ತಿದಾನೆ."

ಅಪ್ಪ ಹೇಳುತ್ತಲೇ ಹೋದರು. ಎದುರಿನ ದೋಣಿಯ ಹಾಯಿಪಟ ಯಾವ ಬಣ್ಣ, ಹಕ್ಕಿ ಎಷ್ಟು ಎತ್ತರ, ದಂಡೆಯ ಮೆಟ್ಟಿಲಿಗೆ ನೀರು ಎಲ್ಲಿಯತನಕ ಬಂದಿದೆ. ನನ್ನ ಅಪ್ಪನ ಬಾಯಲ್ಲಿ ಒಂದೇ ಹೊತ್ತಿಗೆ ಇಷ್ಟೊಂದು ಮಾತು ನಾನು ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ತಮ್ಮಾ" ಅಂದರು ಗೌರತ್ತೆ.

"ಹ್ಞಾಂ ಅಕ್ಕ?"

"ಸ್ವಲ್ಪ ಸುಮ್ನಿರು. ನಾನೇ ನೋಡ್ತೀನಿ."

ಅಪ್ಪ ಸುಮ್ಮನಾದರು. ಮೋಟಾರು ನಿಲ್ಲಿಸಿದರೋ ಏನೋ, ಆ ಗುಡುಗುಡು ಕೂಡ ನಿಂತುಹೋಯಿತು. ದೋಣಿಗೆ ನೀರು ಬಡಿಯುವ ಸದ್ದೊಂದೇ ಉಳಿಯಿತು. ಕಟ್ ಮಾಡಲು ಹೋದ ನನ್ನ ಕೈಯನ್ನು ಅಮ್ಮ ಹಿಡಿದುಕೊಂಡಳು. ಅತ್ತೆ ನೋಡಿ ಮುಗಿಸುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.